ಮರವೇರುವ ನೆಲಗಪ್ಪೆ: ‘ಆವಾಸ’ ಪರಿಕಲ್ಪನೆಯ ಬೋಧನೆಗೆ ಒಂದು ಉದಾಹರಣೆ

ಅಭ್ಯಾಸ ಬೋಧನೆಯ ಪಾಠಗಳನ್ನು ವೀಕ್ಷಿಸುವಾಗ ‘ಆವಾಸನಾಶ ಎಂದರೇನು?’ ಎಂಬ ಪ್ರಶ್ನೆಗೆ ‘ಮರ ಕಡಿಯುವುದು’ ಎಂಬ ಉತ್ತರವನ್ನೇ ನಾನು ಹೆಚ್ಚಾಗಿ ಕೇಳುತ್ತೇನೆ. ಪರಿಹಾರವೂ ಸಿದ್ಧವಿರುತ್ತದೆ: ‘ಗಿಡ ನೆಡುವುದು’. ಉತ್ತರ ತಪ್ಪಲ್ಲ. ಆದರೆ ಪಾಠ ಅಲ್ಲಿಗೇ ನಿಂತರೆ, ಒಂದು ಜೀವಿಗೆ ತನ್ನ ಆವಾಸದಿಂದ ಏನೇನು ಬೇಕು ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ. ಇದಕ್ಕೆ ನಾನು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸುವ ಉದಾಹರಣೆ ಪಶ್ಚಿಮ ಘಟ್ಟದ ಮಲಬಾರ್ ಮರ-ನೆಲಗಪ್ಪೆ.

1870ರ ದಶಕದಲ್ಲಿ ಆಲ್ಬರ್ಟ್ ಗುಂಥರ್ ಇದನ್ನು ಪೆಡೊಸ್ಟಿಬಿಸ್ ಟ್ಯೂಬರ್ಕ್ಯುಲೋಸಸ್ ಎಂದು ಹೆಸರಿಸಿದರು. ಇಂದು ಈ ಕುಲದಲ್ಲಿರುವುದು ಇದೊಂದೇ ಪ್ರಭೇದ. ಉದ್ದ ಸುಮಾರು 4 ಸೆಂ.ಮೀ. ಗಂಟುಗಂಟಾದ ಚರ್ಮ, ಹಲ್ಲಿಲ್ಲದ ಬಾಯಿ, ಕಣ್ಣಿನ ಹಿಂದಿನ ಗ್ರಂಥಿ ಇವು ನೆಲಗಪ್ಪೆಯ ಲಕ್ಷಣಗಳು. ಆದರೆ ಬೆರಳ ತುದಿಗಳು ಅಗಲವಾಗಿವೆ. ಇದು ಮರ ಹತ್ತುತ್ತದೆ, ಪೊಟರೆಗಳಲ್ಲಿ ಅಡಗುತ್ತದೆ. ಮುಂಗಾರಿನ ಮೊದಲ ಮಳೆಗಳಿಗೆ ಮರದಿಂದಿಳಿದು ಕಾಡಿನ ತೊರೆಯಲ್ಲಿ ಮೊಟ್ಟೆಯಿಡುತ್ತದೆ. ಗೊದಮೊಟ್ಟೆ ಬೆಳೆಯುವುದು ಅದೇ ತೊರೆಯಲ್ಲಿ. ಐಯುಸಿಎನ್ 2004ರಲ್ಲಿ ಇದನ್ನು ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ತರಗತಿಯಲ್ಲಿ ಈ ಜೀವನಚಕ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿ ಹಂತದ ಎದುರು ‘ಎಲ್ಲಿ?’, ‘ಏನು ಕೆಟ್ಟರೆ ಈ ಹಂತ ನಿಲ್ಲುತ್ತದೆ?’ ಎಂಬ ಎರಡು ಅಂಕಣಗಳನ್ನು ಮಕ್ಕಳಿಂದಲೇ ತುಂಬಿಸಬಹುದು. ಮರಗಳೆಲ್ಲ ಉಳಿದು ತೊರೆಯ ನೀರನ್ನು ತಿರುಗಿಸಿದರೂ ಸಂತತಿ ನಿಲ್ಲುತ್ತದೆ. ತೊರೆ ಉಳಿದು ದಡದ ಹಳೆಯ ಮರಗಳು ಹೋದರೆ ವಾಸಕ್ಕೆ ಜಾಗವಿಲ್ಲ. ಎರಡೂ ಉಳಿದು ನಡುವೆ ರಸ್ತೆಯೋ ತೋಟವೋ ಬಂದರೆ ಓಡಾಟವೇ ಕಷ್ಟ. ಈಗ ‘ಗಿಡ ನೆಟ್ಟರೆ ಸಾಕೇ?’ ಎಂದು ಕೇಳಿದರೆ, ಎಳೆಯ ನೆಡುತೋಪಿನಲ್ಲಿ ಪೊಟರೆಯಿರುವುದಿಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ಬಯಲುಸೀಮೆಯ ಶಾಲೆಗಳಲ್ಲಿ ಪರಿಚಿತದಿಂದ ಅಪರಿಚಿತಕ್ಕೆ ಸಾಗುವುದು ಒಳ್ಳೆಯದು. ಬೀದಿದೀಪದ ಕೆಳಗೆ ಹುಳ ಹಿಡಿಯುವ ಸಾಮಾನ್ಯ ನೆಲಗಪ್ಪೆಯೂ ಇದೇ ಕುಟುಂಬದ್ದು. ಅದು ಚರಂಡಿಯ ಪಕ್ಕದಲ್ಲೂ ಬದುಕುತ್ತದೆ, ನಿಂತ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಒಂದೇ ಕುಟುಂಬದ ಒಂದು ಜೀವಿ ಊರಿಗೆ ಒಗ್ಗಿತು, ಇನ್ನೊಂದು ಕಾಡು ಬಿಟ್ಟು ಬಾಳಲಾರದು. ಈ ಹೋಲಿಕೆಯಿಂದ ‘ಕಪ್ಪೆ ಎಲ್ಲಾದರೂ ಬದುಕುತ್ತದೆ’ ಎಂಬ ಪೂರ್ವಕಲ್ಪನೆ ಸಡಿಲಗೊಳ್ಳುತ್ತದೆ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳುವ ಬದಲು ಹೀಗೆ ಕೇಳಿ: ‘ಒಂದು ಕಾಡಿನಲ್ಲಿ ಮರಗಳ ಸಂಖ್ಯೆ ಕಡಿಮೆಯಾಗಿಲ್ಲ, ಆದರೂ ಮರ-ನೆಲಗಪ್ಪೆ ಕಾಣೆಯಾಗಿದೆ. ಆವಾಸದಲ್ಲಿ ಏನೇನು ಬದಲಾಗಿರಬಹುದು?’ ಉತ್ತರದಲ್ಲಿ ತೊರೆ, ಪೊಟರೆ, ನಡುವಿನ ದಾರಿ ಇವುಗಳಲ್ಲಿ ಎರಡಾದರೂ ಬಂದರೆ ಪಾಠದ ಉದ್ದೇಶ ಈಡೇರಿದಂತೆ.