ಗಣಿ ನಿಂತ ಸೀಮೆಯಲ್ಲಿ ಮನೆಯ ಸಾಲ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ಗ್ರಾಮಗಳಲ್ಲಿ ಸಂಸಾರದ ನಿರ್ವಾಹಕ್ಕೆ ಬಹುಮಟ್ಟಿಗೆ ಎರಡೇ ಆಸರೆಗಳು: ಒಂದು ಮಳೆಯನ್ನು ನಂಬಿದ ಹೊಲ, ಇನ್ನೊಂದು ಗಣಿ ಮತ್ತು ಗಣಿಯ ಸುತ್ತ ಬೆಳೆದ ಕೆಲಸ. ಹೊಲವು ಫಲ ಕೊಡುವುದು ವರ್ಷಕ್ಕೊಮ್ಮೆ, ಅದೂ ಮಳೆಗಾಲ ಕೃಪೆದೋರಿದರೆ. ಗಣಿಯ ಕೆಲಸವಾದರೋ ತಿಂಗಳು ತಿಂಗಳಿಗೆ ಕೈಗೆ ಹಣ ತರುತ್ತದೆ. ಗೃಹಸಾಲವೆಂಬ ಆಧುನಿಕ ವ್ಯವಸ್ಥೆಯು ಮಾಸಿಕ ವರಮಾನವನ್ನೇ ಅಡಿಪಾಯವಾಗಿಟ್ಟುಕೊಂಡು ರಚಿತವಾದುದು. ಆದಕಾರಣ ಈ ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆಯನ್ನು ತೆಗೆದು ಆರ್.ಸಿ.ಸಿ. ಮನೆ ಕಟ್ಟಿಸಿಕೊಂಡವನ ಸಾಲವು, ಕಾಗದದ ಮೇಲೆ ನಿವೇಶನವನ್ನು ಆಧಾರವಾಗಿ ಪಡೆದಿದ್ದರೂ, ವಾಸ್ತವದಲ್ಲಿ ನಿಂತಿರುವುದು ಬೆಟ್ಟದಲ್ಲಿ ನಡೆಯುವ ಕೆಲಸದ ಮೇಲೆ. ಆ ಕೆಲಸ ನಿಂತ ದಿನ ಮನೆಯ ಗತಿಯೇನು ಎಂಬ ಪ್ರಶ್ನೆಯನ್ನು ಬಳ್ಳಾರಿ ಜಿಲ್ಲೆಯ ಜನ ಊಹೆಯಿಂದಲ್ಲ, ಅನುಭವದಿಂದ ಬಲ್ಲರು.

2003ರ ಈಚೆಗೆ ಚೀನಾ ದೇಶದ ಉಕ್ಕಿನ ಉದ್ಯಮವು ಹಿಗ್ಗಿ, ಅದಿರಿನ ಬೆಲೆ ಏರತೊಡಗಿದಾಗ, ಸಂಡೂರು, ಹೊಸಪೇಟೆ, ಬಳ್ಳಾರಿಗಳ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಹಗಲಿರುಳೂ ಕಡಿಯದಂತಾಯಿತು. ಹಣಕಾಸು ಸಂಸ್ಥೆಗಳು ಮನೆಬಾಗಿಲಿಗೆ ಬಂದು ಸಾಲ ಕೊಟ್ಟವು. ಚಾಲಕನಾಗಿದ್ದವನು ಮಾಲೀಕನಾಗುವ ಆಸೆಯಿಂದ ಟಿಪ್ಪರ್ ಕೊಂಡನು. ಅದರ ಮುಂಗಡಕ್ಕೆ ಮನೆಯ ಪತ್ರವನ್ನು ಇಟ್ಟವರೂ ಉಂಟು. ಈ ಭರಾಟೆಯಲ್ಲಿ ಅಕ್ರಮ ಗಣಿಗಾರಿಕೆಯೂ ಹಬ್ಬಿತು; ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅದರ ವರದಿಯನ್ನು 2011ರ ಜುಲೈ 27ರಂದು ಸಲ್ಲಿಸಿದರು. ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ 49 ಗುತ್ತಿಗೆಗಳನ್ನು ರದ್ದುಪಡಿಸಿ, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿಯನ್ನು ವಿಧಿಸಿತು. ಬೆಟ್ಟಗಳನ್ನೂ ಅರಣ್ಯವನ್ನೂ ಸೂರೆಗೊಂಡ ಆ ಅನಾಚಾರಕ್ಕೆ ತಡೆ ಹಾಕಿದ ಈ ಆಜ್ಞೆಗಳು ನ್ಯಾಯವಾದವು, ಅವಶ್ಯವಾದವು. ಇದರಲ್ಲಿ ನನಗೆ ಲೇಶವೂ ಸಂಶಯವಿಲ್ಲ. ಆದರೆ ಸೂರೆಗೊಂಡವರಿಗೆ ನಿಂತ ಕಾಲವನ್ನು ದಾಟುವಷ್ಟು ದ್ರವ್ಯವಿದ್ದಿತು; ಅದಿರು ಜರಡಿ ಹಿಡಿದವನಿಗೆ, ಲಾರಿ ಓಡಿಸಿದವನಿಗೆ, ರಸ್ತೆಯ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನಿಗೆ ಮುಂದಿನ ತಿಂಗಳ ಕಂತಿಗೂ ಹಣವಿರಲಿಲ್ಲ. ಮೊದಲು ಲಾರಿಗಳು ಸಾಲ ಕೊಟ್ಟವರ ವಶವಾದವು. ಲಾರಿಯ ಬಳಿಕ ಮನೆಯ ಸರದಿ. 2018ರ ನವೆಂಬರ್‌ನಲ್ಲಿ ಗುತ್ತಿಗೆ ನವೀಕರಣದ ವಿವಾದದಿಂದ ಇದೇ ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿಯು ನಿಂತು 2021ರ ಫೆಬ್ರವರಿಯವರೆಗೆ ಸ್ತಬ್ಧವಾಗಿದ್ದಾಗ, ಆ ಗಣಿಯನ್ನು ನೆಚ್ಚಿದ್ದ ದುಡಿಮೆಗಾರರಿಗೆ ಅದೇ ಭೀತಿ ಮತ್ತೊಮ್ಮೆ ಬಂದಿತು.

ಕೆಲಸ ಕಳೆದುಕೊಂಡವನ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಸಮಾಧಾನವಿರುತ್ತದೆ: ಮೂರು ವರ್ಷ ತಪ್ಪದೆ ಕಟ್ಟಿದ್ದೇನೆ, ಸಾಲದ ಬಹುಭಾಗ ತೀರಿರಬೇಕು ಎಂದು. ಲೆಕ್ಕ ಹಾಗಿಲ್ಲ. ಹತ್ತು ಲಕ್ಷ ರೂಪಾಯಿಯ ಸಾಲವನ್ನು ನೂರಕ್ಕೆ 12ರ ವಾರ್ಷಿಕ ಬಡ್ಡಿಗೆ 15 ವರ್ಷದ ಅವಧಿಗೆ ತೆಗೆದುಕೊಂಡವನು ತಿಂಗಳಿಗೆ ಸುಮಾರು 12,000 ರೂಪಾಯಿ ಕಟ್ಟಬೇಕಾಗುತ್ತದೆ; ಮೊದಲನೆಯ ಕಂತಿನಲ್ಲಿ 10,000 ಬಡ್ಡಿಗೆ ಹೋಗಿ, ಅಸಲಿಗೆ ಸಲ್ಲುವುದು ಕೇವಲ 2,000. ಮೂರು ವರ್ಷಗಳಲ್ಲಿ ಅವನು 4,32,000 ರೂಪಾಯಿಗೂ ಮೇಲೆ ಪಾವತಿ ಮಾಡಿರುತ್ತಾನೆ. ಆದರೂ ಅಸಲು ಇಳಿದಿರುವುದು ಸುಮಾರು 86,000ದಷ್ಟು ಮಾತ್ರ. ಇದರಲ್ಲಿ ವಂಚನೆಯಿಲ್ಲ, ಗಣಿತವಿದೆ. ಆದರೆ ಸಾಲಪತ್ರಕ್ಕೆ ರುಜು ಹಾಕಿಸಿಕೊಳ್ಳುವಾಗ ಈ ಗಣಿತವನ್ನು ಕನ್ನಡದಲ್ಲಿ ಕುಳಿತು ತಿಳಿಸುವ ಸಂಸ್ಥೆ ವಿರಳ. ಆಮೇಲೆ ಕಂತು ತಪ್ಪಿದಾಗ, ಕಟ್ಟಿದ ಹಣವೆಲ್ಲ ಎಲ್ಲಿ ಹೋಯಿತೆಂದು ಸಾಲಗಾರನು ಬೆರಗಾಗಿ, ಆ ಬೆರಗಿನಲ್ಲಿ ಸಂಸ್ಥೆಯ ಮೇಲಿನ ನಂಬಿಕೆಯನ್ನೂ ತನ್ನ ಮೇಲಿನ ಧೈರ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ಇನ್ನು ಕಾನೂನಿನ ಕ್ರಮ. ತೊಂಬತ್ತು ದಿನಗಳಿಗೂ ಮೀರಿ ಬಾಕಿ ನಿಂತ ಖಾತೆಯನ್ನು ಬ್ಯಾಂಕು ಅನುತ್ಪಾದಕ ಆಸ್ತಿ, ಅಂದರೆ ಎನ್.ಪಿ.ಎ. ಎಂದು ವರ್ಗೀಕರಿಸುತ್ತದೆ. ಆಮೇಲೆ ಪ್ರವೇಶಿಸುವುದು ಜನರು ಸರ್ಫೇಸಿ ಎಂದು ಕರೆಯುವ 2002ರ ಶಾಸನ. ಸಿವಿಲ್ ನ್ಯಾಯಾಲಯದ ಡಿಕ್ರಿಗಾಗಿ ಕಾಯದೆ ಆಧಾರದ ಮನೆಯನ್ನು ಸ್ವಾಧೀನಪಡಿಸಿಕೊಂಡು ಹರಾಜು ಮಾಡುವ ಅಧಿಕಾರವನ್ನು ಇದು ಬ್ಯಾಂಕುಗಳಿಗೂ ಅಧಿಸೂಚಿತ ಗೃಹಹಣಕಾಸು ಸಂಸ್ಥೆಗಳಿಗೂ ಕೊಟ್ಟಿದೆ. ಅಧಿಕಾರ ದೊಡ್ಡದು, ಆದರೆ ಅದು ಸೋಪಾನಕ್ರಮದಲ್ಲಿ ನಡೆಯತಕ್ಕದ್ದು. ಮೊದಲು 13(2)ನೆಯ ಕಲಮಿನ ನೋಟೀಸು ಬರಬೇಕು; ಪೂರ್ಣ ಬಾಕಿಯನ್ನು ತೀರಿಸಲು ಅದರಲ್ಲಿ 60 ದಿನಗಳ ಅವಕಾಶವಿರಬೇಕು. ಈ ಅರವತ್ತು ದಿನಗಳು ಸಾಲಗಾರನ ಅತ್ಯಮೂಲ್ಯ ಕಾಲ; ವಿಷಾದವೆಂದರೆ, ಅನೇಕರು ನೋಟೀಸನ್ನು ಟ್ರಂಕಿನೊಳಗಿಟ್ಟು ಯಾರಿಗೂ ಹೇಳದೆ ಇದನ್ನು ಕಳೆಯುತ್ತಾರೆ. ಈ ಅವಧಿಯಲ್ಲಿ ಆತನು ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಿದರೆ, ಸಂಸ್ಥೆಯು 15 ದಿನಗಳೊಳಗೆ ಕಾರಣಸಹಿತವಾಗಿ ಉತ್ತರಿಸಲೇಬೇಕು. ಈ ಶಾಸನದ ಸಿಂಧುತ್ವವನ್ನು ಎತ್ತಿಹಿಡಿದ 2004ರ ಮಾರ್ಡಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಕ್ಷೇಪಣೆಯನ್ನು ಮನಸ್ಸಿಟ್ಟು ಪರಿಶೀಲಿಸುವುದು ಸಂಸ್ಥೆಯ ಕರ್ತವ್ಯವೆಂದು ಹೇಳಿತು. ಉತ್ತರ ಕೊಡುವ ನಿಯಮ ಶಾಸನದೊಳಕ್ಕೆ ಬಂದದ್ದು ಆ ಮಾತಿನ ಫಲವಾಗಿ. ಆದುದರಿಂದ ಕೆಲಸ ಹೋದ ದಿನಾಂಕವನ್ನೂ ಗಣಿ ನಿಂತ ಕಾರಣವನ್ನೂ ಕಟ್ಟಬಲ್ಲ ಮೊತ್ತವನ್ನೂ ಬರೆದು, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಸ್ವೀಕೃತಿಯನ್ನು ಇಟ್ಟುಕೊಳ್ಳುವುದು ಅವಶ್ಯ. ಶಾಖೆಯ ಕೌಂಟರಿನಲ್ಲಿ ನಿಂತು ಕಣ್ಣೀರಿಟ್ಟದ್ದು ಯಾವ ಕಡತದಲ್ಲೂ ಉಳಿಯುವುದಿಲ್ಲ.

ಅರವತ್ತು ದಿನ ಕಳೆದ ಮೇಲೆ ಸಂಸ್ಥೆಯು ಸ್ವಾಧೀನದ ನೋಟೀಸನ್ನು ಮನೆಯ ಬಾಗಿಲಿಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ದೇಶಭಾಷೆಯದಾಗಿರುವಂತೆ, ಪ್ರಕಟಿಸುತ್ತದೆ. ಬಾಗಿಲಿಗೆ ಅಂಟಿಸಿದ ಆ ಕಾಗದವನ್ನು ಊರೆಲ್ಲ ಓದುತ್ತದೆ. ಮಗಳ ನಿಶ್ಚಿತಾರ್ಥ ಮುರಿಯಬಹುದು, ಕಿರಾಣಿ ಅಂಗಡಿಯವನು ಉದ್ದರಿ ನಿಲ್ಲಿಸಬಹುದು. ಆದರೂ ಮನೆ ಅಂದೇ ಹೋಯಿತೆಂದು ಭಾವಿಸಬಾರದು. ಭೌತಿಕ ಸ್ವಾಧೀನಕ್ಕೆ ಸಂಸ್ಥೆಯು ಸಾಮಾನ್ಯವಾಗಿ 14ನೆಯ ಕಲಮಿನಂತೆ ಜಿಲ್ಲಾ ದಂಡಾಧಿಕಾರಿಯ ನೆರವನ್ನು ಕೋರುತ್ತದೆ. ಸ್ವಾಧೀನದ ಕ್ರಮವನ್ನು ಪ್ರಶ್ನಿಸಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹರಾಜಿನ ಪ್ರಕಟಣೆ ಹೊರಬೀಳುವ ತನಕ ಬಾಕಿಯನ್ನೆಲ್ಲ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗುಂಟು. 2016ರ ತಿದ್ದುಪಡಿಗೆ ಮುಂಚೆ ಈ ಹಕ್ಕು ಇನ್ನೂ ದೀರ್ಘವಾಗಿದ್ದಿತು, ಅದನ್ನು ಮೊಟಕುಗೊಳಿಸಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಹಣ ಬಂದರೆ ಹೆಚ್ಚಿನದು ಸಾಲಗಾರನಿಗೆ ಸೇರತಕ್ಕದ್ದು. ಕಡಿಮೆ ಬಂದರೆ ಉಳಿದ ಬಾಕಿಗಾಗಿ ಸಂಸ್ಥೆ ಮತ್ತೆ ಬೆನ್ನು ಹತ್ತಬಹುದು. ಆದ್ದರಿಂದಲೇ, ಮನೆ ಉಳಿಸಿಕೊಳ್ಳುವ ದಾರಿ ನಿಜವಾಗಿ ಇಲ್ಲವೆಂದು ಕಂಡಾಗ, ಸಂಸ್ಥೆಯ ಲಿಖಿತ ಸಮ್ಮತಿ ಪಡೆದು ತಾನೇ ಕೊಳ್ಳುವವರನ್ನು ಹುಡುಕಿ ಮಾರುವುದು ಹರಾಜಿಗಿಂತ ಎಷ್ಟೋ ಮೇಲು.

ಚೋರನೂರಿನಂಥ ಕಡೆ ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಕೃಷಿಭೂಮಿಗೆ ಈ ಶಾಸನ ಅನ್ವಯಿಸುವುದಿಲ್ಲ. ಹೊಲದ ಪಹಣಿ ತೋರಿಸಿ ಪಡೆದ ಸಾಲಕ್ಕೆ ಹೊಲವನ್ನು ಈ ದಾರಿಯಿಂದ ಹರಾಜು ಹಾಕುತ್ತೇವೆಂದು ವಸೂಲಿಗೆ ಬಂದವರು ಬೆದರಿಸಿದರೆ, ಆ ಬೆದರಿಕೆಗೆ ಈ ಶಾಸನದ ಬಲವಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಿ ಪೀಡಿಸಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿದೆ. ತಪ್ಪಿದ ಕಂತಿಗೆ ವಿಧಿಸುವ ದಂಡವನ್ನು ಬಡ್ಡಿಯೊಳಗೆ ಬೆರೆಸಿ ಚಕ್ರಬಡ್ಡಿಯಾಗಿ ಬೆಳೆಸಬಾರದೆಂದು 2023ರಲ್ಲಿ ಆದೇಶಿಸಿದೆ. ಖಾತೆಯ ತಃಖ್ತೆಯನ್ನು ಕೇಳಿ ಪಡೆದು, ದಂಡದ ಕಲಮನ್ನು ಒಂದೊಂದಾಗಿ ನೋಡುವುದರಲ್ಲಿ ಸಂಕೋಚ ಸಲ್ಲದು. ಸಂಸ್ಥೆಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ, ಗೃಹಹಣಕಾಸು ಸಂಸ್ಥೆಯ ವಿಷಯದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕಿಗೆ ಬರೆಯಬಹುದು.

ಋಣಿಗೂ ಒಂದು ರಕ್ಷಣೆ ಇರಬೇಕೆಂಬ ಭಾವನೆ ಕನ್ನಡ ನಾಡಿಗೆ ಹೊರಗಿನಿಂದ ಬಂದುದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯ ಸ್ಮೃತಿಯ ಋಣಾದಾನ ಪ್ರಕರಣವನ್ನು ವಿವರಿಸುತ್ತ, ಬಡ್ಡಿಯ ಬೆಳವಣಿಗೆಗೆ ಮಿತಿಯನ್ನೂ, ಫಲವನ್ನು ಭೋಗಿಸಲು ಕೊಟ್ಟ ಆಧಾರವು ಎಂದೆಂದಿಗೂ ಕೈತಪ್ಪಿ ಹೋಗದೆಂಬ ನಿಯಮವನ್ನೂ ವಿಚಾರಮಾಡಿದ್ದಾನೆ. 1882ರ ಸ್ವತ್ತು ವರ್ಗಾವಣೆ ಶಾಸನದ 60ನೆಯ ಕಲಮು ಅಡಮಾನ ಇಟ್ಟವನಿಗೆ ಬಿಡಿಸಿಕೊಳ್ಳುವ ಹಕ್ಕನ್ನು ಕೊಟ್ಟದ್ದೂ ಅಂಥದೇ ಧರ್ಮಬುದ್ಧಿಯಿಂದ. ಕೊಟ್ಟವನ ಹಣ ಹಿಂದಿರುಗಬೇಕು, ನಿಜ. ಅದು ಠೇವಣಿ ಇಟ್ಟ ಬೇರೊಬ್ಬ ಬಡವನ ಹಣವೂ ಆಗಿರಬಹುದು. ಆದರೆ ಕಟ್ಟಲು ಇಷ್ಟವಿಲ್ಲದವನನ್ನೂ ಕಟ್ಟಲು ಅಶಕ್ತನಾದವನನ್ನೂ ಒಂದೇ ಅಳತೆಯಿಂದ ಅಳೆಯುವ ವ್ಯವಸ್ಥೆ ನ್ಯಾಯದ ಹೆಸರಿಗೆ ಅರ್ಹವಲ್ಲ.

ನ್ಯಾಯದ ಬಾಗಿಲು ಇದೆಯೆನ್ನುವುದು ಒಂದು ಮಾತು, ಅಲ್ಲಿಗೆ ಹೋಗಿ ತಲುಪುವುದು ಬೇರೊಂದು ಮಾತು. ಕರ್ನಾಟಕದ ಸಾಲ ವಸೂಲಾತಿ ನ್ಯಾಯಮಂಡಳಿಗಳು ಇರುವುದು ಬೆಂಗಳೂರಿನಲ್ಲಿ. ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದುದಾದರೂ, ಇಂಥ ಪ್ರಕರಣಗಳಲ್ಲಿ ಮೊದಲು ನ್ಯಾಯಮಂಡಳಿಗೇ ಹೋಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಿಂದ ಮತ್ತೆ ಮತ್ತೆ ಹೇಳಿದೆ. ಕೂಲಿ ನಿಂತವನು ಬೆಂಗಳೂರಿಗೆ ಹೋಗಿ, ವಕೀಲರನ್ನು ಹಿಡಿದು, ಶುಲ್ಕ ಕಟ್ಟಿ, ವಾಯಿದೆಗೆ ವಾಯಿದೆ ಅಲೆಯುವುದು ಎಂತು? ಈ ನ್ಯಾಯಮಂಡಳಿಯು ವರ್ಷದಲ್ಲಿ ಕೆಲವು ದಿನಗಳಾದರೂ ಬಳ್ಳಾರಿಯಲ್ಲಿ ಅಧಿವೇಶನ ನಡೆಸಬೇಕು.

ಇದಕ್ಕಿಂತ ಮುಖ್ಯವಾದ ಲೋಪ ಇನ್ನೊಂದಿದೆ. ಬರ, ನೆರೆ, ಭೂಕಂಪಗಳಿಗೆ ತುತ್ತಾದ ಪ್ರದೇಶದಲ್ಲಿ ಸಾಲವನ್ನು ಪುನರ್ರಚಿಸುವುದಕ್ಕೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಸ್ಥಾಯಿ ನಿರ್ದೇಶನಗಳುಂಟು. ನ್ಯಾಯಾಲಯದ ಆಜ್ಞೆಯಿಂದಲೋ ಸರ್ಕಾರದ ತೀರ್ಮಾನದಿಂದಲೋ ಒಂದು ಸೀಮೆಯ ಉದ್ಯೋಗವೇ ಒಮ್ಮೆಲೇ ನಿಂತರೆ, ಅದು ನೈಸರ್ಗಿಕ ವಿಪತ್ತಲ್ಲವಾದುದರಿಂದ ಆ ನಿರ್ದೇಶನಗಳ ಆಸರೆ ಸಿಗದು. ಇಂಥ ನಿಲುಗಡೆಗೂ ಆಸರೆ ಒದಗಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಕೊರೋನಾ ಕಾಲದಲ್ಲಿ ರಿಸರ್ವ್ ಬ್ಯಾಂಕೇ, 2020ರ ಮಾರ್ಚ್ 27ರಂದು, ಮೂರು ತಿಂಗಳ ಕಂತುವಿರಾಮವನ್ನು ಘೋಷಿಸಿ, ಆಮೇಲೆ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿ, ಮುಂದೆ ಗೃಹಸಾಲದ ಅವಧಿಯನ್ನು ಎರಡು ವರ್ಷದ ತನಕ ಹೆಚ್ಚಿಸಲು ಅವಕಾಶ ಕೊಟ್ಟುದುಂಟು. ಬ್ಯಾಂಕುಗಳು ಅದರಿಂದ ಕುಸಿಯಲಿಲ್ಲ. ನೆರೆಯ ಗೋವಾದಲ್ಲಿ 2012ರಲ್ಲಿ ಗಣಿಗಾರಿಕೆ ನಿಂತಾಗ, ಅಲ್ಲಿಯ ಸರ್ಕಾರವು 2014ರಲ್ಲಿ ಗಣಿಬಾಧಿತ ಸಾಲಗಾರರಿಗೆಂದೇ ಋಣಪರಿಹಾರ ಯೋಜನೆಯೊಂದನ್ನು ರೂಪಿಸಿತು. ಬೆಟ್ಟದ ಗಾಯವನ್ನು ಮಾಯಿಸಲು ಕರ್ನಾಟಕದಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮವೇ ಸ್ಥಾಪಿತವಾಗಿದೆ, ಅದು ಸರಿ. ಹಾಗೆಯೇ, ಗಣಿಯ ನಿಲುಗಡೆಯಿಂದ ಕೂಲಿ ಕಳೆದುಕೊಂಡವನ ಒಂದೇ ವಾಸದ ಮನೆಗೆ ಕನಿಷ್ಠ ಒಂದು ವರ್ಷದ ಕಂತುವಿರಾಮವನ್ನು, ದಂಡವಿಲ್ಲದೆ, ಕೇಳಿಬೇಡುವ ಅಗತ್ಯವಿಲ್ಲದಂತೆ ನಿಯಮವಾಗಿ ವಿಧಿಸಬೇಕು.

ಆ ನಿಯಮ ಬರುವ ತನಕ ನಾವು ಮಾಡಬಹುದಾದ ಕೆಲಸವೂ ಉಂಟು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದ ಪ್ರಕಾರ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಕೈಗಾರಿಕಾ ಕಾರ್ಮಿಕರಿಗೂ ವರಮಾನವನ್ನು ನೋಡದೆ ಉಚಿತ ಕಾನೂನು ನೆರವು ದೊರೆಯತಕ್ಕದ್ದು. ಅದನ್ನು ಕೇಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಸಂಡೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ಸಾಕು. ಊರಿನ ಶಿಕ್ಷಕರು, ಅಂಚೆಯವರು, ಪಂಚಾಯಿತಿಯ ಸದಸ್ಯರು, ಕಾಲೇಜಿನಲ್ಲಿ ಓದುವ ಮಕ್ಕಳು, ಇಂಗ್ಲಿಷಿನಲ್ಲಿ ಬಂದ ನೋಟೀಸನ್ನು ಓದಬಲ್ಲ ಎಲ್ಲರಲ್ಲೂ ನನ್ನ ವಿಜ್ಞಾಪನೆ ಇಷ್ಟು: ನೆರೆಮನೆಗೆ ಅಂಥದೊಂದು ಲಕೋಟೆ ಬಂದರೆ ಅದನ್ನು ಅಂದೇ ಓದಿ ಹೇಳಿ, ತಲುಪಿದ ದಿನಾಂಕವನ್ನು ಅದರ ಮೇಲೆ ಬರೆಯಿಸಿ, ಆ ಮನೆಯ ಯಜಮಾನನನ್ನೋ ಯಜಮಾನಿಯನ್ನೋ ಅದೇ ವಾರದಲ್ಲಿ ಸಂಡೂರಿಗೆ ಕರೆದುಕೊಂಡು ಹೋಗಿ.