ಮರದ ಮೇಲೆ ಅಜ್ಜನ ಮುಖ

ನಡುಮನೆಯ ಗೋಡೆಯ ಮೇಲಿನ ಅಜ್ಜನ ಭಾವಚಿತ್ರ ಮಳೆಗಾಲದ ತೇವಕ್ಕೆ ಮಾಸತೊಡಗಿದಾಗ, ಅದನ್ನು ಮರದಲ್ಲಿ ಕೆತ್ತಿಸಿಟ್ಟರೆ ಉಳಿದೀತೆಂಬ ಆಸೆ ಹುಟ್ಟುವುದು ಸಹಜ. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಸಂಖ್ಯೆಗಳ ಆಣತಿಯಂತೆ ಲೋಹ ಕೊರೆಯುವ ಯಂತ್ರವನ್ನು ಪ್ರದರ್ಶಿಸಿದಾಗ, ಅದರ ನಿಯಂತ್ರಣಕ್ಕೆ ನಿರ್ವಾತ ನಳಿಕೆಗಳೂ ರಂಧ್ರ ಕೊರೆದ ಕಾಗದದ ಪಟ್ಟಿಯೂ ಬೇಕಾಗಿದ್ದವು. ಅದೇ ವಂಶದ ಸಿಎನ್‌ಸಿ ರೂಟರ್ ಇಂದು ಹವ್ಯಾಸಿಯ ಮೇಜಿನ ಮೇಲೆ ಕುಳಿತಿದೆ.

ಆದರೆ ಮೊದಲ ಯತ್ನದಲ್ಲಿ ಬಹುತೇಕರಿಗೆ ದೊರೆಯುವುದು ನಿರಾಸೆ. ಚಿತ್ರದ ಬಿಳುಪನ್ನು ಎತ್ತರವೆಂದೂ ಕಪ್ಪನ್ನು ಆಳವೆಂದೂ ಎಣಿಸಿ ಕೆತ್ತಿಸಿದರೆ ಅಜ್ಜನ ಬಿಳಿಯ ಪೇಟ ಗುಡ್ಡವಾಗುತ್ತದೆ, ಕಪ್ಪು ಮೀಸೆ ತುಟಿಯ ಮೇಲಿನ ಹೊಂಡವಾಗುತ್ತದೆ, ಹಣೆಯ ವಿಭೂತಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಮನೆಮಂದಿಯೇ ಗುರುತಿಸಲಾರದ ಮುಖವದು. ಯಂತ್ರವನ್ನು ದೂರಿ ಫಲವಿಲ್ಲ. ಛಾಯಾಚಿತ್ರ ಬೆಳಕಿಗೆ ಮಾತ್ರ ಸಾಕ್ಷಿ. ಮೂಗು ಎಷ್ಟು ಮುಂದಿದೆಯೆಂದು ಅದನ್ನು ಕೇಳಿದರೆ ಸುಳ್ಳು ಹೇಳುತ್ತದೆ.

ಆದುದರಿಂದ ಉಬ್ಬುಶಿಲ್ಪದ ಆಸೆ ಬಿಟ್ಟು ಬೆಳಕು-ನೆರಳನ್ನೇ ಕೆತ್ತುವುದು ಮೇಲು. ತಿಳಿಬಣ್ಣದ ಹಲಗೆಗೆ ಕಪ್ಪು ಬಳಿದು, 90 ಡಿಗ್ರಿ ಕೋನದ ಚೂಪು ಅಲಗಿನಿಂದ ಸಾಲುಸಾಲಾಗಿ ಗೀರುಗಳನ್ನು ಕೊರೆಯಬೇಕು. ಅಲಗು ಅರ್ಧ ಮಿ.ಮೀ. ಇಳಿದರೆ ಗೀರಿನ ಅಗಲ 1 ಮಿ.ಮೀ.; ಆಳ ಹೆಚ್ಚಿದಂತೆ ಅಗಲ ಹೆಚ್ಚಿ, ಒಳಗಿನ ತಿಳಿಮರ ಕಾಣುತ್ತದೆ. ಪತ್ರಿಕೆಯ ಚಿತ್ರದಲ್ಲಿ ಸಣ್ಣ ದೊಡ್ಡ ಚುಕ್ಕೆಗಳು ಮಾಡುವ ಕೆಲಸವನ್ನೇ ಇಲ್ಲಿ ಗೀರುಗಳು ಮಾಡುತ್ತವೆ. ಹತ್ತಿರದಿಂದ ಬರೀ ಗೆರೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅಜ್ಜ.

ಕಾಲವೂ ಉಳಿಯುತ್ತದೆ. ಇನ್ನೂರು ಮಿ.ಮೀ. ಉದ್ದ, 150 ಮಿ.ಮೀ. ಅಗಲದ ಹಲಗೆಗೆ 2 ಮಿ.ಮೀ. ಅಂತರದಲ್ಲಿ 75 ಸಾಲುಗಳು ಸಾಕು. ನಿಮಿಷಕ್ಕೆ ಒಂದು ಮೀಟರಿನಂತೆ ಕಾಲು ಗಂಟೆಯ ಕೆಲಸ. ಇದೇ ಹಲಗೆಯಲ್ಲಿ 0.1 ಮಿ.ಮೀ. ಅಂತರದ ನುಣುಪು ಉಬ್ಬುಕೆತ್ತನೆಗೆ ಹೊರಟರೆ ಅಲಗು 300 ಮೀಟರ್ ನಡೆಯಬೇಕು. ಅಂದರೆ ಐದು ಗಂಟೆ.

ಪ್ಲಾಸ್ಟಿಕ್ಕಿನ ಹಾದಿ ಬೇರೆ. ಬೆಳಕು ಅರೆಬರೆ ಹಾಯುವ ಬಿಳಿಯ ಅಕ್ರಿಲಿಕ್ ಹಾಳೆಯನ್ನು ಕತ್ತಲಿರಬೇಕಾದಲ್ಲಿ ದಪ್ಪವಾಗಿಯೂ ಬೆಳಕಿರಬೇಕಾದಲ್ಲಿ ತೆಳುವಾಗಿಯೂ ಕೊರೆದು ಹಿಂದೆ ದೀಪವಿಟ್ಟರೆ ಮುಖ ಮೂಡುತ್ತದೆ. ಇದು ಛಾಯಾಚಿತ್ರ ಲೋಕಕ್ಕೆ ಪ್ರಕಟವಾಗುವುದಕ್ಕೂ ಮೊದಲಿನ ವಿದ್ಯೆ: ಫ್ರಾನ್ಸಿನ ಪಾಲ್ ದ ಬೂರ್ಗ್ವಾನ್ ಪಿಂಗಾಣಿಯಲ್ಲಿ ಇದನ್ನು ಸಾಧಿಸಿ 1827ರಲ್ಲೇ ಪೇಟೆಂಟ್ ಪಡೆದಿದ್ದ. ಅಕ್ರಿಲಿಕ್ಕಿನಲ್ಲಿ ಅಲಗು ಅತಿವೇಗವಾಗಿ ತಿರುಗುತ್ತ ನಿಧಾನವಾಗಿ ಸರಿದರೆ ಪ್ಲಾಸ್ಟಿಕ್ ಕರಗಿ ಅಲಗಿಗೇ ಅಂಟಿಕೊಳ್ಳುವುದುಂಟು.

ಮಕ್ಕಳು ಜೊತೆಗಿದ್ದರೆ ಕನ್ನಡಕ, ಮುಖಗವಸು ಕಡ್ಡಾಯ. ಎಂಡಿಎಫ್ ಹಲಗೆಯ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಸ್ಟುಡಿಯೋದವರ ಹಕ್ಕಿನ ಅಳುಕಿದ್ದವರು 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮನ್ನು ನೋಡಬಹುದು: ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಒಡೆತನ ತೆಗೆಸಿದವರದೇ.

ಶಾಲೆಯ ಗುಂಪುಚಿತ್ರವನ್ನು ಹಾಗೆಯೇ ಕೆತ್ತಲು ಹೋಗಬಾರದು. ನಲವತ್ತು ಮಕ್ಕಳಿರುವಲ್ಲಿ ಒಬ್ಬೊಬ್ಬರ ಕಣ್ಣು ಒಂದು ಗೀರಿಗಿಂತಲೂ ಕಿರಿದಾಗಿ ಅಳಿಸಿಹೋಗುತ್ತದೆ. ಮೊದಲು ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿಟ್ಟು, ಆಮೇಲೆ ಒಂದು ಮುಖವನ್ನಷ್ಟೇ ಆರಿಸಿಕೊಂಡು, ಕಣ್ಣಿನ ಹೊಳಪಿನ ಮೇಲೆ ಕನಿಷ್ಠ ಮೂರು ನಾಲ್ಕು ಗೀರುಗಳಾದರೂ ಹಾಯುವಷ್ಟು ಅದನ್ನು ಹಿಗ್ಗಿಸಬೇಕು.