ಮೊದಲ ನೆತ್ತರಿಗೆ ನಿಲ್ಲುವ ಕಾಳಗ

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚನ್ನಪಟ್ಟಣ ಮತ್ತು ನಮ್ಮ ಚಾಮರಾಜನಗರದಿಂದ. ತಲೆ ಬೋಳಿಸಿ, ಬಲಗೈ ಬೆರಳುಗಳಿಗೆ ವಜ್ರಮುಷ್ಟಿ ಎಂಬ ಮೊನೆಯುಳ್ಳ ಆಯುಧ ಬಿಗಿದುಕೊಂಡು ಮಣ್ಣಿಗಿಳಿಯುತ್ತಾರೆ. ಎದುರಾಳಿಯ ತಲೆಯಲ್ಲಿ ರಕ್ತ ಕಂಡರೆ ಸಾಕು, ಕಾಳಗ ಮುಗಿಯಿತು. ಎಷ್ಟೋ ಸಲ ಒಂದೆರಡು ನಿಮಿಷವೂ ಹಿಡಿಯುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗ ಶ್ರೀರಂಗಪಟ್ಟಣದಲ್ಲಿ ಜಟ್ಟಿಗಳ ಕಾಳಗ ಕಂಡಿದ್ದ. ಅವನ ನೆನಪುಗಳು 1824ರಲ್ಲಿ ಅಚ್ಚಾದವು. ಮೈಗೆಲ್ಲ ಎಣ್ಣೆ, ಸೊಂಟಕ್ಕೊಂದು ಚಡ್ಡಿ, ಕೈಯಲ್ಲಿ ಉಕ್ಕಿನ ನಾಲ್ಕು ಉಗುರು, ಕೊರಳಲ್ಲಿ ಹೂವು. ಸುಲ್ತಾನ ಸನ್ನೆ ಮಾಡಿದೊಡನೆ ಆ ಹೂವನ್ನೇ ಕಿತ್ತು ಪರಸ್ಪರ ಮುಖಕ್ಕೆ ಎಸೆದು ಮೇಲೆ ಬೀಳುತ್ತಿದ್ದರಂತೆ. ಕೈಕಾಲು ಮುರಿಯುವುದು ಮಾಮೂಲು. ಹಿಂಜರಿದರೆ ತಿವಿಯಲು ಪ್ರತಿಯೊಬ್ಬನ ಬೆನ್ನ ಹಿಂದೆ ಇಬ್ಬರು ದಾಂಡಿಗರು. ಸುಲ್ತಾನ ಸಾಕೆನ್ನುವವರೆಗೂ ಬಡಿದಾಡಬೇಕು. ಚೆನ್ನಾಗಿ ಕಾದಿದವನಿಗೆ ಪೇಟ, ಶಾಲು.

ಓದುವಾಗ ರೋಮಿನ ಗ್ಲಾಡಿಯೇಟರುಗಳು ನೆನಪಾಗದೆ ಇರುವುದಿಲ್ಲ. ಕ್ರಿ.ಪೂ. 264ರಲ್ಲಿ ಸಿರಿವಂತನೊಬ್ಬನ ಉತ್ತರಕ್ರಿಯೆಗೆಂದು ಅಲ್ಲಿ ಮೂರು ಜೋಡಿಗಳನ್ನು ಕಾದಾಡಿಸಿದರು. ಸತ್ತವರ ಹೆಸರಿನ ಆ ವಿಧಿ ಬರಬರುತ್ತ ಬರೀ ಮೋಜಾಯಿತು. ನಮ್ಮಲ್ಲಿ ಆದದ್ದು ಅದರ ತಿರುವುಮುರುವು. 12ನೇ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲಯುದ್ಧವನ್ನು ರಾಜರ ವಿನೋದಗಳ ಸಾಲಿಗೆ ಸೇರಿಸಿತ್ತು. ವಿಜಯನಗರದ ಮಹಾನವಮಿಯಲ್ಲಿ ಹಲ್ಲು ಉದುರುವಂಥ ಕಾಳಗಗಳನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ದಾಖಲಿಸಿದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದರು. ಇಂದು ಉಳಿದಿರುವುದು ವಿನೋದವಲ್ಲ, ಜಟ್ಟಿಗಳ ಕುಲದೇವತೆ ನಿಂಬಜಾದೇವಿಯನ್ನು ನೆನೆದು ಮಾಡುವ ಸೇವೆ.

ಜಟ್ಟಿಗಳ ವಿದ್ಯೆ ಹೊಡೆತಕ್ಕಷ್ಟೇ ಮುಗಿಯುತ್ತಿರಲಿಲ್ಲ. ಮೈಯ ಕೀಲುಕೀಲನ್ನೂ ಅವರು ಬಲ್ಲರೆಂದು ಸ್ಕರ್ರಿಯೂ ಬರೆದ. ಆ ಅರಿವಿನಿಂದಲೇ ಮುರಿದ ಮೂಳೆ ಕೂಡಿಸಿ ಕಟ್ಟು ಹಾಕುವುದರಲ್ಲೂ ಹೆಸರಾದರು. ಅರಿಕುಠಾರವೆಂಬ ಊರು 1818ರಲ್ಲಿ ಮುಮ್ಮಡಿ ಕೃಷ್ಣರಾಜರ ತಂದೆಯ ನೆನಪಿಗೆ ಚಾಮರಾಜನಗರವಾದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅದೇ ಊರಿನಿಂದ ಅರಮನೆಗೆ ಹೋಗಿ ನೆತ್ತರು ಕೊಟ್ಟು ಬರುವವರ ಕಥೆ ಮಾತ್ರ ಗುಂಡ್ಲುಪೇಟೆ ಕಡೆಯ ಮಕ್ಕಳಿಗೂ ಯಾರೂ ಹೇಳುತ್ತಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ದಸರೆ ಬಂದರೆ ಪತ್ರಿಕೆಗಳು ಪ್ರತಿಯೊಂದು ಆನೆಯ ಹೆಸರು, ವಯಸ್ಸು, ತೂಕ ಅಚ್ಚುಹಾಕುತ್ತವೆ. ಜಟ್ಟಿ ಯಾವ ಉಸ್ತಾದರ ಬಳಿ ಪಳಗಿದ, ಯಾವ ಗರಡಿಯಲ್ಲಿ ಸಾಮು ಮಾಡಿದ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಲಿ.